ರೇಡಿಯನ್ ಬದಲು ಡಿಗ್ರಿ

ತುಹಫೇನಿ,

ನಿನ್ನನ್ನು ಮಣ್ಣು ಮಾಡಿ ಬಂದಮೇಲೆ ನನ್ನನ್ನು ಬೈಯುವವರೇ ಇರಲಿಲ್ಲ. ಇವತ್ತು ನೀನೇ ಬೈದೆ, ಅದೂ ಜರ್ಮನಿಯ ಅತಿಥಿಯ ಎದುರಿಗೆ.

ನಾವಿಬ್ಬರೂ ಬರೆದ ತಂತ್ರಾಂಶ ನೋಡಲೆಂದೇ ಆತ ವಿಂಡ್‌ಹುಕ್‌ಗೆ ಬಂದಿದ್ದ. ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಮೋಡದಿಂದ ಎಷ್ಟು ಗಾಮಾ ಕಿರಣ, ಎಷ್ಟು ನ್ಯೂಟ್ರಿನೊ ಬಂದೀತೆಂದು ಲೆಕ್ಕ ಹಾಕಿ ತೋರಿಸುತ್ತೇನೆ ಎಂದು ಜಂಬದಿಂದ ಆಕಾಶದಲ್ಲಿ ಆ ಮೋಡದ ಅಗಲದ ಕೋನ ತುಂಬಿ ಗುಂಡಿ ಒತ್ತಿದೆ. ಕೋನ ತಪ್ಪಿದರೆ ಬರಲೆಂದು ನೀನು ಅಂದು ಬರೆದಿಟ್ಟಿದ್ದ ಸಾಲು ಗೋಡೆಯಗಲದ ಪರದೆಯ ಮೇಲೆ ಕೆಂಪಕ್ಷರದಲ್ಲಿ ಮೂಡಿತು: "ಮತ್ತೆ ರೇಡಿಯನ್ ಬದಲು ಡಿಗ್ರಿ ಕೊಟ್ಯಾ ನ್ದೇಶಿ? ಇಡೀ ಆಕಾಶಕ್ಕಿಂತ ದೊಡ್ಡ ಮೋಡ ಎಲ್ಲಿದೆಯೇ, ನಿನ್ನ ತಲೇಲಾ?"

ನನ್ನನ್ನು ಮೇಮೆ, ಅಂದರೆ ಅಮ್ಮ, ಎಂದೇ ಕರೆಯುವ ವಿದ್ಯಾರ್ಥಿನಿ ಪೆನೊಹೋಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಮೇಮೆ, ಆ ಸಾಲು ತೆಗೆದುಬಿಡ್ಲಾ?"

"ಮುಟ್ಟಿ ನೋಡು, ಕೈ ಮುರೀತೀನಿ!"

"ನಿಮ್ಮನ್ನ ಹೆಸರು ಹಿಡಿದು ಬೈತಿರೋದು ಯಾರು?" ಎಂದ ಅತಿಥಿ.

ಥಟ್ಟನೆ ಬಾಯಿಗೆ ಬಂತು: "ನನ್ನ ಜೊತೆಗಾರ. ಕಪಾನ ಸುಡಿಸ್ಕೊಂಡು ಬರ್ತೀನಿ ಅಂತ ಮಾಂಸದಂಗಡಿಗೆ ಹೋಗಿದಾನೆ."

"ಹಾಗಾದ್ರೆ ಬರಲಿ ಬಿಡಿ, ಒಟ್ಟಿಗೇ ತಿನ್ನೋಣ," ಎಂದು ಆತ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ.

ಪೆನೊಹೋಲೆಯ ನಗು ನಿಂತುಹೋಯಿತು. ಎಷ್ಟು ಹೊತ್ತಾದರೂ ಆತ ಏಳಲಿಲ್ಲ.

"ತಡ ಮಾಡೋದು ಅವನ ಹಳೇ ಚಾಳಿ," ಎಂದೆ, ನಾನೂ ಬಾಗಿಲನ್ನೇ ನೋಡುತ್ತ.