ಜೆಲ್ಲಿ ಮುಗಿಸಿ ನೀನು ಕಾದದ್ದು

ವೆಂಡೆಲ್,

ಓದಿದರೂ ನಿನಗೆ ತಿಳಿಯದು ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಇವತ್ತು ಆರೈಕೆ ಮನೆಯ ಊಟದ ಕೋಣೆಯಲ್ಲಿ ನೀನು ಚಮಚ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡೆ.

"ದಿನಾ ಬರ್ತೀರಲ್ಲ, ನಿಮಗೆ ಮದುವೆ ಆಗಿದೆಯಾ?"

"ಇಲ್ಲ," ಅಂದೆ ನಾನು. ಸುಳ್ಳೇನಲ್ಲ.

"ಹಾಗಾದ್ರೆ ನನ್ನನ್ನ ಮದುವೆ ಆಗಿ."

ನಿನ್ನನ್ನು ನೋಡಿಕೊಳ್ಳುವ ಡೆಲ್ಫೀನ್ ಚಪ್ಪಾಳೆ ತಟ್ಟಿದಳು. "ಹೂಂ ಅಂದ್ಬಿಡಿ ಲಾರೇನಮ್ಮಾ! ಡುಲೂತ್ ಊರು ಪೂರ್ತಿ ಹುಡುಕಿದ್ರೂ ಇಂಥ ಗಂಡು ಸಿಗಲ್ಲ!"

ಅವಳಿಗೇನು ಗೊತ್ತು? ನಾನು ನಿನ್ನ ಹೆಂಡತಿಯಾಗಿರುವ ತನಕ, ನಮ್ಮ ಉಳಿತಾಯವೆಲ್ಲ ಕರಗದೆ ಸರ್ಕಾರ ನಿನ್ನ ಹಾಸಿಗೆಗೂ ಮಾತ್ರೆಗೂ ದುಡ್ಡು ಕೊಡುವುದಿಲ್ಲ ಎಂದರು ವಕೀಲರು. ನಲವತ್ತಾರು ವರ್ಷದ ಸಂಸಾರ. ಹೋದ ಚಳಿಗಾಲ ನಾನೇ ವಿಚ್ಛೇದನದ ಕಾಗದ ತಂದು ನಿನ್ನ ಮುಂದೆ ಹಿಡಿದೆ.

"ಇದೇನು, ಮೀನು ಹಿಡಿಯೋ ಲೈಸೆನ್ಸಾ?" ಎಂದು ಕೇಳಿದ್ದೆ ನೀನು.

ನಾನು ಹೂಂ ಅಂದಿದ್ದೆ. ನೀನು ಖುಷಿಯಿಂದ ಸಹಿ ಹಾಕಿದ್ದೆ.

ಇವತ್ತು ಅದೇ ಹೂಂ ಬಾಯಿಗೆ ಬರಲಿಲ್ಲ. "ಮೊದಲು ಜೆಲ್ಲಿ ಮುಗಿಸು," ಅಂದೆ.

ನೀನು ಬಟ್ಟಲು ಖಾಲಿ ಮಾಡಿದೆ. ಬಾಯಿ ಒರೆಸಿಕೊಂಡೆ, ಕೂದಲು ಸರಿಮಾಡಿಕೊಂಡೆ. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೂತೆ.