ಅಲಾರಂ ಬಿಟ್ಟುಹೋದ ಪ್ಯಾಕೇಜು

ಅಣ್ಣಾ,

ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ಎಬ್ಬಿಸಿದ್ದು ಮಗುವಲ್ಲ, ಅವಳು ಅಪರೂಪಕ್ಕೆ ಕಣ್ಣು ಮುಚ್ಚಿದ್ದಳು. ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪು 'ಟಿಣ್' ಎಂದಿತು. ಮಲಗುವ ಮುನ್ನ ನಾನು ಶುರು ಮಾಡಿಟ್ಟಿದ್ದ ಬಿಲ್ಡ್ ಮುಗಿದು ಪ್ರೋಗ್ರಾಮಿನ ಪ್ಯಾಕೇಜು ಸಿದ್ಧವಾಗಿತ್ತು. ಕೊನೆಯ ಸಾಲಿನಲ್ಲಿ ಹಸಿರು ಅಕ್ಷರ: ಯಶಸ್ವಿ.

ಮುಚ್ಚಿಟ್ಟು ಮಲಗಬಹುದಿತ್ತು. ಯಾಕೋ ಮನಸ್ಸು ಬಾರದೆ ಸಾಲುಗಳನ್ನು ಮೇಲಕ್ಕೆ ಸರಿಸುತ್ತ ಹೋದೆ. ನಾನೂರು ಸಾಲಿನ ನಡುವೆ, ಕಣ್ಣಿಗೆ ಬೀಳಬಾರದು ಎಂಬಂತೆ ಬೂದು ಬಣ್ಣದಲ್ಲಿ, ಒಂದು ಸಾಲು ಸಿಕ್ಕಿತು. ಧ್ವನಿಯ ಲೈಬ್ರರಿ ಫೈಲು ಸಿಗಲಿಲ್ಲ, ಅಲಾರಂ ಭಾಗವನ್ನು ಬಿಟ್ಟು ಮುಂದುವರಿಯಲಾಗಿದೆ.

ಬಿಟ್ಟು ಮುಂದುವರಿಯುವುದಂತೆ! ಎಳೆಗೂಸಿನ ತೊಟ್ಟಿಲ ಪಕ್ಕ ಉಸಿರು ಕಾಯಲು ಇಡುವ ಪೆಟ್ಟಿಗೆಯಿಂದ ಅಲಾರಂ ತೆಗೆದರೆ ಇನ್ನೇನು ಉಳಿಯಿತು? ಉಸಿರು ನಿಂತದ್ದನ್ನು ಅಂಕಿಯಲ್ಲಿ ತೋರಿಸುತ್ತ ಸುಮ್ಮನೆ ಕೂರುವ ಒಂದು ಗಡಿಯಾರ.

ನಿನ್ನೆ ನೀನು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋದ ಪ್ಯಾಕೇಜಿನ ಪ್ರತಿಯನ್ನು ಬಿಚ್ಚಿ ನೋಡಿದೆ. ಅದರಲ್ಲೂ ಅಲಾರಂ ಇಲ್ಲ. ಬೆಳಿಗ್ಗೆ ಆರಕ್ಕೆ ನೀನು ಹೋಗಿರುವ ಊರಿನ ಆಸ್ಪತ್ರೆಯ ಹನ್ನೆರಡು ತೊಟ್ಟಿಲಿನ ಪೆಟ್ಟಿಗೆಗಳಿಗೆ ನೀನು ಹಾಕಲಿರುವುದು ಅದನ್ನೇ.

ನಿನ್ನ ಫೋನಿಗೆ ಹದಿನಾಲ್ಕು ಸಲ ಮಾಡಿದೆ. ಅತ್ತಿಗೆಯನ್ನು ಎಬ್ಬಿಸಿದೆ. "ಹತ್ತು ಗಂಟೆ ಆದ್ಮೇಲೆ ಅವರ ಫೋನು ಆಫು ಕಣೇ. ನಮ್ಮಪ್ಪ ಆಸ್ಪತ್ರೆ ಸೇರಿದ್ದೂ ಅವರಿಗೆ ಬೆಳಿಗ್ಗೆನೇ ಗೊತ್ತಾಗಿದ್ದು" ಎಂದರು. ನೀನು ಇಳಿದುಕೊಂಡಿರುವ ಲಾಡ್ಜಿನಲ್ಲಿ ಯಾರೂ ಎತ್ತುತ್ತಿಲ್ಲ. ವಾರ್ಡಿಗೂ ಮಾಡಿದೆ. ನರ್ಸಮ್ಮ ಪಾಪ ಪೂರ್ತಿ ಕೇಳಿಸಿಕೊಂಡು, "ಹಾಕೋಕೆ ಬರೋರು ನಿಮ್ಮೋರೇ ಅಂತೀರಿ, ಹಾಕ್ಬೇಡಿ ಅಂತ ನನಗೆ ಹೇಳ್ತೀರಿ. ನಾನೇನು ಅವರ ಕೈ ಹಿಡ್ಕೊಳ್ಳಲಾ ತಾಯಿ?" ಎಂದಳು. ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಹಾಗಾಗಿ ಈ ಪತ್ರ. ಎದ್ದ ಕೂಡಲೇ ಫೋನಿಗಿಂತ ಮೊದಲು ಮೇಲ್ ನೋಡುವ ನಿನ್ನ ಚಾಳಿಯೊಂದೇ ಈಗ ನನಗೆ ದಿಕ್ಕು.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಈ ಸಲವಾದರೂ ಕೇಳು. ನರ್ಸುಗಳ ಮೇಜಿನ ದೊಡ್ಡ ಕಂಪ್ಯೂಟರಿಗೂ ತೊಟ್ಟಿಲ ಪಕ್ಕದ ಸಣ್ಣ ಪೆಟ್ಟಿಗೆಗೂ ಯಾವ ಭಾಗ ಸೇರಬೇಕೆಂದು ಹೇಳುವ ಒಂದೇ ಬಿಲ್ಡ್ ಫೈಲ್ ಸಾಕು, ಎರಡು ಕಡೆಯೂ ಅದೇ ಓಡುತ್ತದೆ ಎಂದು ನೀನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಆ ಫೈಲಿನಲ್ಲಿ ಅಲಾರಮ್ಮಿಗೆ ನೀನು ಬರೆದಿರುವುದು 'ಕಡ್ಡಾಯ' ಎಂದಲ್ಲ, 'ಇದ್ದರೆ ಸೇರಿಸು' ಎಂದು. ನಿನ್ನ ಹಳೇ ಕಂಪ್ಯೂಟರಿನಲ್ಲಿ ಸದ್ದು ಹೊರಡಿಸುವ ಆ ಲೈಬ್ರರಿ ಯಾವ ಕಾಲದಿಂದಲೋ ಬಿದ್ದಿತ್ತು, ಹಾಗಾಗಿ ಸೇರುತ್ತಿತ್ತು. ಹೋದ ತಿಂಗಳು ಪ್ಯಾಕೇಜ್ ಕಟ್ಟುವ ಕೆಲಸಕ್ಕೆ ಹೊಸ ಕಂಪ್ಯೂಟರ್ ಬಂತು. ಅದರಲ್ಲೂ ನನ್ನ ಲ್ಯಾಪ್‌ಟಾಪಿನಲ್ಲೂ ಅದು ಇಲ್ಲ, ಸೇರಲಿಲ್ಲ. ಒಂದು ಅಲ್ಪವಿರಾಮ ತಪ್ಪಿದರೆ ಮೂರು ಪುಟ ಬೈಯುವ ಆ ಬಿಲ್ಡ್ ಸಾಧನ, ಒಂದು ಮಗುವಿನ ಜೀವದ ವಿಷಯಕ್ಕೆ ತುಟಿಪಿಟಕ್ಕೆನ್ನಲಿಲ್ಲ. ಅದನ್ನು ಯಾಕೆ ಬೈಯಲಿ? ಸುಮ್ಮನಿರು ಎಂದು ಹೇಳಿಕೊಟ್ಟವನು ನೀನು.

ನೀನು ಪರೀಕ್ಷೆ ಮಾಡಿದ್ದು ಎಲ್ಲಿ? ಮೇಜಿನ ಕಂಪ್ಯೂಟರಿನಲ್ಲಿ. ಅಲ್ಲಿ ಸದ್ದು ಬರುವ ದಾರಿಯೇ ಬೇರೆ. ಅದು ಕೂಗಿತು, ನೀನು ಕೈ ಒರೆಸಿಕೊಂಡು ಎದ್ದೆ. ತೊಟ್ಟಿಲ ಪೆಟ್ಟಿಗೆಯಲ್ಲಿ ಒಂದು ಸಲ ನೋಡು ಎಂದು ನಾನು ನಮ್ಮ ಆಫೀಸಿನ ಮೀಟಿಂಗಿನಲ್ಲಿ ಕೇಳಿಕೊಂಡಾಗ ಎಲ್ಲರ ಎದುರು ಏನಂದೆ, ನೆನಪಿದೆಯಾ? "ತಾಯಿ ಆದ್ಮೇಲೆ ಎಲ್ಲಾ ಕಡೆ ಅಳು ಕೇಳ್ಸುತ್ತೆ ಬಿಡ್ರೋ. ಇವಳಿಗೆ ಒಂದು ವಾರ ನಿದ್ದೆ ಸಾಲ ಕೊಡ್ಸಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅದಕ್ಕೇ ಈಗ ಮೈ ಉರಿಯುತ್ತಿರುವುದು. ನಕ್ಕು, ಪರೀಕ್ಷೆಯ ಪಟ್ಟಿಯಲ್ಲಿ ಅಲಾರಂ ಎಂಬುದರ ಮುಂದೆ 'ಸರಿ' ಎಂದು ಗುರುತು ಹಾಕಿದವಳು ನಾನೇ. ನಾಳೆ ಯಾರಾದರೂ ಕೇಳಿದರೆ ನಿನ್ನೊಬ್ಬನನ್ನೇ ತೋರಿಸಿ ನಾನು ತಪ್ಪಿಸಿಕೊಳ್ಳುವುದಿಲ್ಲ.

ಆದರೆ ನಿನಗೆ ಹೇಗೆ ಮರೆತುಹೋಯಿತು ಅಣ್ಣಾ? ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಅಂಥದೇ ತೊಟ್ಟಿಲಿನಲ್ಲಿ ಹನ್ನೊಂದು ದಿನ ಇದ್ದಳು. ಮೂರನೇ ದಿನ ಮಧ್ಯಾಹ್ನ ಅಲಾರಂ ಕೂಗಿತು. ಕಾರಿಡಾರಿನಲ್ಲಿ ನನ್ನ ಪಕ್ಕ ನಿಂತಿದ್ದವನು ನೀನು. ನರ್ಸು ಓಡಿದಳು, ಅಂಗಾಲು ತಟ್ಟಿದಳು, ಮಗು ಉಸಿರೆಳೆದುಕೊಂಡಿತು. ನಿನ್ನ ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆಲ್ಲ ಚೆಲ್ಲಿತ್ತು, ನಿನಗೆ ತಿಳಿದೇ ಇರಲಿಲ್ಲ. ಆ ದಿನ ಆ ಪೆಟ್ಟಿಗೆಯ ಒಳಗೆ ಯಾರೋ ಒಬ್ಬರು 'ಇದ್ದರೆ ಸೇರಿಸು' ಎಂದು ಬರೆದಿದ್ದರೆ?

ಮೂರೂವರೆಯೊಳಗೆ ನಿನ್ನ ಸಾಲನ್ನು ತಿದ್ದಿದೆ. ಇಲ್ಲದಿದ್ದರೆ ನಿಲ್ಲು ಎಂದು ಬರೆದೆ. ನಿಂತಿತು, ಪರದೆ ತುಂಬ ಕೆಂಪು. ತಪ್ಪು ತೋರಿಸಿದ್ದಕ್ಕೆ ಜನ್ಮದಲ್ಲೇ ಮೊದಲ ಸಲ ಸಂತೋಷಪಟ್ಟೆ. ಲೈಬ್ರರಿ ಹಾಕಿ ಮತ್ತೆ ಕಟ್ಟಿದೆ. ಪರೀಕ್ಷೆಗೆಂದು ನೀನು ನನಗೆ ಕೊಟ್ಟಿದ್ದ ಹಳೇ ಪೆಟ್ಟಿಗೆಯನ್ನು ಕಪಾಟಿನಿಂದ ಇಳಿಸಿ ಅದರಲ್ಲಿ ಓಡಿಸಿದೆ. ಎಂಥಾ ಕೂಗು! ಮಗಳು ಎದ್ದು ಮನೆ ಎತ್ತಿಹಾಕಿದಳು, ಇವರು ಮಂಚದಿಂದ ಉರುಳಿ ಬಿದ್ದು "ಕಳ್ಳರಾ?" ಎಂದರು. ಈಗ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೋ.

ಹೊಸ ಪ್ಯಾಕೇಜು ಈ ಮೇಲ್ ಜೊತೆಗಿದೆ. ಆದರೆ ನಿನ್ನ ಡಿಜಿಟಲ್ ಸಹಿ ಬೀಳದೆ ಆ ಪೆಟ್ಟಿಗೆಗಳು ಇದನ್ನು ಒಪ್ಪುವುದಿಲ್ಲ, ಆ ಸಹಿಯ ಕೀಲಿ ಇರುವುದು ನಿನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಇದನ್ನು ಹಾಕಲು ಮನಸ್ಸಿಲ್ಲವೆಂದರೆ ಬೇಡ, ಪೆಟ್ಟಿಗೆಗಳಲ್ಲಿ ಈಗಿರುವ ಹಳೆಯದೇ ಇರಲಿ, ಅದಕ್ಕೆ ಅಲಾರಂ ಇದೆ. ನಿನ್ನ ಪೆನ್‌ಡ್ರೈವಿನಲ್ಲಿರುವುದನ್ನು ಮಾತ್ರ ಒಂದು ತೊಟ್ಟಿಲಿಗೂ ಮುಟ್ಟಿಸಬೇಡ.

ಕೋಪಕ್ಕೆ ಕೈಗೆ ಬಂದದ್ದನ್ನೆಲ್ಲ ಬರೆದಿದ್ದೇನೆ, ಹಿಂತೆಗೆದುಕೊಳ್ಳುವ ಮನಸ್ಸಿಲ್ಲ. ನೀನು ಬೇಕಾದರೆ ತಿರುಗಿ ಬೈಯಿ, ವರ್ಷವಿಡೀ ಮಾತು ಬಿಡು. 'ಓದಿದೆ' ಎಂದು ಉತ್ತರ ಬರೆದು ಸುಮ್ಮನಾಗಬೇಡ, ನಿನ್ನ ಬಾಯಿಂದಲೇ ಕೇಳಬೇಕು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಇವತ್ತೊಂದು ದಿನ ಐದಕ್ಕೂ ಮುಂಚೆ ಎಬ್ಬಿಸಲಿ. ಫೋನು ಕೈಯಲ್ಲೇ ಹಿಡಿದು ಕೂತಿದ್ದೇನೆ. ಬೆಳಕು ಹರಿಯುವ ಮುಂಚೆ ಮಾಡು ಅಣ್ಣಾ, ದಮ್ಮಯ್ಯ, ಒಂದೇ ಒಂದು ಫೋನು ಮಾಡು.

ನಿನ್ನ ತಂಗಿ