ಅಕ್ಕು ಬಂತು

ಬಿಜೈ, ಮಂಗಳೂರು
೧೪ ನವೆಂಬರ್ ೧೯೮೩

ಪ್ರೀತಿಯ ತಂಗಿ ಆಶಾಲತಾ,

ರತ್ನಕ್ಕನ ಆಶೀರ್ವಾದ. ನಿನ್ನ ಪತ್ರ ದೀಪಾವಳಿಗೆ ಮೊದಲೇ ಬಂದಿತ್ತು. ಉತ್ತರ ತಡವಾಯಿತೆಂದು ಸಿಟ್ಟು ಮಾಡಬೇಡ. ಬೊಂಬಾಯಿಯಲ್ಲಿ ಕುಳಿತು ನೀನು ಅಕ್ಕನಿಗೆ ಸೊಕ್ಕು ಬಂದಿದೆ ಎಂದುಕೊಂಡಿರಬಹುದು. ಸೊಕ್ಕು ಬಂದದ್ದು ನಿನ್ನ ಭಾವನಿಗೆ.

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಪಕ್ಷಿತಜ್ಞರಾಗಿದ್ದಾರೆ. ನಗಬೇಡ. ಒಂದು ವರ್ಷ ಪೇಪರಿನಲ್ಲಿ ಪ್ರತಿ ಭಾನುವಾರ ಬರೆದರು, ಈಗ ಅದೆಲ್ಲ ಪುಸ್ತಕವಾಗುತ್ತಿದೆ. ಹೆಸರು ‘ನನ್ನ ಹಿತ್ತಿಲಿನ ಅತಿಥಿಗಳು’. ಆ ‘ನನ್ನ’ ಓದಿ ನನಗೆ ಮೈಯೆಲ್ಲ ಉರಿಯಿತು. ಹಿತ್ತಿಲು ಅಮ್ಮನದ್ದು, ಅಮ್ಮನಿಂದ ನನಗೂ ನಿನಗೂ ಬಂದದ್ದು. ಅತಿಥಿಗಳನ್ನಾದರೂ ಇವರು ಯಾವಾಗ ನೋಡಿದ್ದು? ಬೆಳಿಗ್ಗೆ ಏಳೂವರೆಗೆ ಮೊದಲು ಹಾಸಿಗೆ ಬಿಡದ ಜನ. ಇವರು ಹಲ್ಲುಜ್ಜುವಾಗ ಹಕ್ಕಿಗಳೆಲ್ಲ ತಿಂಡಿ ಮುಗಿಸಿ ಹೋಗಿರುತ್ತವೆ.

ನೋಡಿದ್ದೆಲ್ಲ ನಾನು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು ನೋಡಿದ್ದನ್ನು ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದಿಡುವುದು ನನ್ನ ಅಭ್ಯಾಸ, ನಿನಗೆ ಗೊತ್ತುಂಟು. ಕೆಂಬೂತ ಬಸವನಹುಳ ಹೆಕ್ಕಿ ತಿಂದದ್ದು, ಮುಂಗುಸಿ ಮೂರು ಮರಿ ಕರೆದುಕೊಂಡು ಬಚ್ಚಲ ಹಿಂದಿನಿಂದ ಸಾಲಾಗಿ ಹೋದದ್ದು, ಪುನುಗುಬೆಕ್ಕು ಪಪ್ಪಾಯಿಯನ್ನು ಮರದಲ್ಲೇ ಖಾಲಿ ಮಾಡಿ ಸಿಪ್ಪೆ ಮಾತ್ರ ನಮಗೆ ಬಿಟ್ಟದ್ದು. ಆ ಕಟ್ಟು ಟ್ರಂಕಿನಲ್ಲಿ ಇವರ ಕೈಗೆ ಸಿಕ್ಕಿತು. “ರದ್ದಿ ಅಂತ ಮಾಡಿದ್ದೆ, ಇದರಲ್ಲಿ ವಿಷಯ ಉಂಟು ಮಾರಾಯ್ತಿ” ಎಂದರು. ಆಮೇಲೆ ಕೂತು ಇಳಿಸಿದ್ದೇ ಇಳಿಸಿದ್ದು. ಮುನ್ನುಡಿಯಲ್ಲಿ ನನಗೂ ಒಂದು ಸಾಲು ಕೊಟ್ಟಿದ್ದಾರೆ, ಹೊತ್ತುಹೊತ್ತಿಗೆ ಚಹಾ ಮಾಡಿಕೊಟ್ಟ ಮಡದಿಗೆ ಕೃತಜ್ಞತೆಯಂತೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನುಂಗಿ ಅಭ್ಯಾಸವೂ ಆಗಿದೆ.

ಕಳೆದ ವಾರ ಪ್ರೆಸ್ಸಿನಿಂದ ಪ್ರೂಫ್ ಬಂತು. “ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ, ನೀನೇ ತಿದ್ದು” ಎಂದು ನನ್ನ ಮುಂದೆ ಹಾಕಿದರು. ನಲವತ್ತೊಂದನೇ ಪುಟದಲ್ಲಿ ನವರಂಗ ಹಕ್ಕಿ. ಅಕ್ಟೋಬರಿನಲ್ಲಿ ಎಲ್ಲಿಂದಲೋ ಬಂದು ಹಲಸಿನ ಬುಡದ ತರಗೆಲೆ ಕೆದಕುತ್ತದಲ್ಲ, ಹಸಿರು ಬೆನ್ನು, ಮೋಟು ಬಾಲ, ಅದೇ. ಕೆಳಗೆ ನಿನ್ನ ಭಾವ ಬರೆದಿದ್ದಾರೆ: ‘ತುಳುವರು ಈ ಹಕ್ಕಿಯನ್ನು ಅಕ್ಕು ಎನ್ನುತ್ತಾರೆ. ಅದರ ಎರಡು ಸ್ವರದ ಕೂಗಿನಿಂದ ಈ ಹೆಸರು ಬಂದಿರಬೇಕು.’

ಯಾವ ತುಳುವರು, ಆಶಾ? ಅಮ್ಮ, ನಾನು, ನೀನು, ಮೂರೇ ಜನ ಕರೆದ ಹೆಸರು ಅದು. ನನ್ನ ಮಗುವನ್ನು ಕರೆದದ್ದು. ಐವತ್ತೇಳನೇ ಇಸವಿಯಲ್ಲಿ ಇಪ್ಪತ್ತಮೂರು ದಿನ ಬದುಕಿ ಹೋಯಿತು. ಮರುದಿನ ಬೆಳಿಗ್ಗೆ ನಾನು ಹಿಂಬಾಗಿಲಲ್ಲಿ ಕುಳಿತಿದ್ದಾಗ ಆ ಹಕ್ಕಿ ಹಲಸಿನ ಬುಡದಲ್ಲಿ ಕುಪ್ಪಳಿಸಿತು. ಹಿಂದಿನ ದಿನದಿಂದ ಅನ್ನ ಮುಟ್ಟದ ನನ್ನನ್ನು ಸಮಾಧಾನ ಮಾಡಲು ನೀನೇ ಹೇಳಿದ್ದು, “ಅಕ್ಕು ಬಂತು ನೋಡು” ಎಂದು. ಆಮೇಲೆ ಪ್ರತಿ ವರ್ಷ ಅದು ಬಂದ ದಿನ ಹಕ್ಕಿಯ ಬಣ್ಣ, ಬಾಲ ಬರೆದು ಕೆಳಗೆ ನಾನು ಅಷ್ಟನ್ನೇ ಸೇರಿಸಿದ್ದೇನೆ. ‘ಅಕ್ಕು ಬಂತು.’

‘ಬಂದಳು’ ಎಂದು ಬರೆಯಬೇಕಿತ್ತು ಎಂದು ಈಗ ಅನಿಸುತ್ತದೆ. ಆದರೆ ನಮ್ಮ ತುಳುವಿನಲ್ಲಿ ಸಣ್ಣ ಹೆಣ್ಣುಮಕ್ಕಳನ್ನು ಯಾರು ಬಂದಳು, ಹೋದಳು ಎನ್ನುತ್ತಾರೆ? ಬಂತು, ಹೋಯಿತು ಎಂದೇ ಹೇಳುವುದು. ಕನ್ನಡದಲ್ಲಿ ಬರೆದರೂ ನನ್ನ ಕೈಗೆ ಹಾಗೇ ಬರುತ್ತದೆ. ಇವರೂ ತುಳುವರೇ, ಇವರ ತಂಗಿಯನ್ನು ಮನೆಯಲ್ಲಿ ಹಾಗೇ ಮಾತಾಡಿಸಿದ್ದು. ಆದರೂ ‘ಬಂತು’ ಎಂದು ಓದಿದ ಕೂಡಲೇ ಹಕ್ಕಿ ಎಂದು ತೀರ್ಮಾನಿಸಿದರು. ಅಡುಗೆಮನೆಗೆ ಹತ್ತು ಹೆಜ್ಜೆ, ಬಂದು ಒಂದು ಮಾತು ಕೇಳಲಿಲ್ಲ.

ಮೊನ್ನೆ ಶನಿವಾರ ಇವರಿಗೆ ಹೇಳದೆ ಬಸ್ಸು ಹತ್ತಿ ಹಂಪನಕಟ್ಟೆಗೆ ಹೋದೆ. ಪ್ರೆಸ್ಸಿನ ಲಿಗೋರಿ ಒಳ್ಳೆಯ ಮನುಷ್ಯ, ಕುರ್ಚಿ ಒರೆಸಿ ಕೊಟ್ಟರು. ಆ ಎರಡು ಸಾಲು ತೆಗೆಯಿರಿ ಎಂದೆ.

“ತೆಗೆಯಲಿಕ್ಕೆ ಎಂತ ಕಷ್ಟ ಅಮ್ಮಾ, ಎರಡು ಸಾಲು ಅಚ್ಚಿನ ಮೊಳೆ ಅಷ್ಟೇ. ಆದರೆ ಪುಸ್ತಕ ಸಾಹೇಬರದ್ದಲ್ವಾ, ಅವರ ಒಂದು ಚೀಟಿ ಬೇಕು. ಬುಧವಾರ ನಾನು ಮೆಷಿನಿಗೆ ಹಾಕ್ತೇನೆ.”

“ಪುಸ್ತಕ ಬರೆದದ್ದು ನಾನು,” ಎಂದೆ.

ಅವರು ನಕ್ಕುಬಿಟ್ಟರು. ತಮಾಷೆ ಎಂದುಕೊಂಡು ನನಗೊಂದು ಸೋಡಾ ತರಿಸಿದರು. ಕುಡಿದು ಬಂದೆ.

ಇನ್ನು ಇವರನ್ನೇ ಕೇಳಬೇಕು, ಅದೂ ಬುಧವಾರದೊಳಗೆ. ಇಪ್ಪತ್ತಾರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆ ಮಗುವಿನ ಮಾತು ಒಮ್ಮೆಯೂ ಬಂದಿಲ್ಲ. ಎಲ್ಲಿಂದ ಶುರು ಮಾಡಲಿ ಹೇಳು. ಕೆಂಬೂತ, ಮುಂಗುಸಿ, ಪುನುಗುಬೆಕ್ಕು ಎಲ್ಲ ಅವರೇ ಇಟ್ಟುಕೊಳ್ಳಲಿ, ಸನ್ಮಾನ ಮಾಡಿಸಿಕೊಳ್ಳಲಿ, ಶಾಲು ಹೊದೆಯಲಿ. ಆ ಎರಡಕ್ಷರ ಮಾತ್ರ ನನಗೆ ವಾಪಸು ಬೇಕು.

ನಿನ್ನ ಮಂಡಿನೋವಿಗೆ ಎಣ್ಣೆ ಕಾಯಿಸಿ ಇಟ್ಟಿದ್ದೇನೆ, ಬರುವವರು ಸಿಕ್ಕಿದರೆ ಕಳುಹಿಸುತ್ತೇನೆ. ಮಕ್ಕಳು ಚೆನ್ನಾಗಿ ಓದಲಿ. ದೇವರು ನಿನ್ನ ಮನೆಯನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ರತ್ನಾವತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಧೈರ್ಯ ಮಾಡಿ ಕೇಳಿ ಬಂದೆ. “ಅಕ್ಕು ಹಕ್ಕಿಯ ಹೆಸರಲ್ಲ, ನಮ್ಮ ಮಗುವಿನ ಹೆಸರು, ತೆಗೆಯಿರಿ” ಎಂದೆ. “ಅದಕ್ಕೆ ಹೆಸರು ಇಟ್ಟೇ ಇರಲಿಲ್ಲವಲ್ಲ” ಎಂದರು. ಹೌದು, ಇಟ್ಟಿರಲಿಲ್ಲ. ಹದಿನಾರನೇ ದಿನ ತೊಟ್ಟಿಲಿಗೆ ಹಾಕಬೇಕಿತ್ತು, ಅಪ್ಪ ಬಂದೇ ಹೆಸರಿಡಲಿ ಎಂದು ಇವರ ರಜೆಗೆ ಕಾದದ್ದು. ಬ್ಯಾಂಕಿನ ಲೆಕ್ಕ ಮುಗಿಯಲಿಲ್ಲ, ಇವರು ಬರಲಿಲ್ಲ. ಅದನ್ನೂ ಹೇಳಿದೆ ಆಶಾ, ಇವತ್ತು ಬಾಯಿಬಿಟ್ಟು ಹೇಳಿದೆ. ಪ್ರೂಫಿನಲ್ಲಿ ಆ ಎರಡು ಸಾಲಿನ ಮೇಲೆ ಗೀಟು ಎಳೆದರು. ಪೆನ್ನಿನ ಮುಚ್ಚಳ ಹಾಕದೆ ನನ್ನ ಮುಖ ನೋಡಿ, “ಸರಿ, ಹಾಗಾದರೆ ಈ ಹಕ್ಕಿಗೆ ತುಳುವಿನಲ್ಲಿ ಎಂತ ಹೇಳುವುದು?” ಎಂದು ಕೇಳಿದರು.